ಆರನೆಯ ಪಾಠ: ಯಾರೂ ಇರದ ಬಯಲು

ಏಪ್ರಿಲ್ 2, ಮಂಗಳವಾರ

ಮಾರ್ಚ್ ಹದಿನಾಲ್ಕರ ಗುರುವಾರ ಸಂಜೆ, ಬಿಟರ್‌ಪುಟ್ಸ್ ಊರಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಊರಿನ ದೊಡ್ಡವರಿಗಾಗಿ ನಾನು ನಡೆಸುವ ಇಂಗ್ಲಿಷ್ ತರಗತಿಯನ್ನು ರೇಡಿಯೊ ಟೆಲಿಸ್ಕೋಪು ಕೇಂದ್ರದವರು ಚಿತ್ರೀಕರಿಸಿಕೊಂಡು ಹೋದರು. ಒಮ್ಮೆಯೂ ನನಗೆ ತೋರಿಸದೆ, ನನ್ನನ್ನು ಒಂದು ಮಾತೂ ಕೇಳದೆ, ಈಗ ಅದನ್ನು ಲೋಕಕ್ಕೆಲ್ಲ ತೋರಿಸುತ್ತಿದ್ದಾರೆ. ಇದು ಅನ್ಯಾಯ. ತಾರೀಖು ಹಾಕಿ ಬರೆದಿಡುತ್ತಿದ್ದೇನೆ. ಈ ಊರಿನಲ್ಲಿ ಅನ್ಯಾಯಗಳಿಗೆ ತಾರೀಖೇ ಇರುವುದಿಲ್ಲ. ಎಲ್ಲವೂ ಯಾವಾಗಲೋ, ಯಾರಿಂದಲೋ ಆಗಿಹೋದವು.

ನನಗೆ ತಿಳಿದದ್ದು ಕೇಪ್‌ಟೌನಿನಲ್ಲಿರುವ ತಂಗಿಯ ಮಗಳಿಂದ. "ಮಾವ, ನಿಮ್ಮನ್ನ ಕಂಪ್ಯೂಟರಲ್ಲಿ ನೋಡ್ದೆ! ನಮ್ಮ ಆಫೀಸಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಕೊನೇಲಿ ಎಲ್ಲರೂ 'ಆಮೆನ್' ಅಂತಾರಲ್ಲ, ಅಯ್ಯೋ ದೇವರೇ, ಹೊಟ್ಟೆ ಹುಣ್ಣಾಯ್ತು" ಅಂದಳು. ಪ್ರೀತಿಯಿಂದಲೇ ಅಂದಳು. ಫೋನು ಇಟ್ಟ ಮೇಲೆ ಬಹಳ ಹೊತ್ತು ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಗ್ರಂಥಾಲಯಕ್ಕೆ ಹೋಗಿ ನೋಡಿದೆ. ರೂಯ್‌ಕ್ಲಿಪ್ ಬಯಲಿನಲ್ಲಿ ಕೇಂದ್ರದವರು ನಿಲ್ಲಿಸಿದ ಬಿಳಿ ಆಂಟೆನಾ ಬೋಗುಣಿಗಳು ಮೊದಲು ಬರುತ್ತವೆ. ಬೇರೆ ಲೋಕಗಳಲ್ಲಿ ಯಾರಾದರೂ ಇದ್ದಾರೆಯೇ ಎಂದು ಆಕಾಶಕ್ಕೆ ಕಿವಿ ಕೊಟ್ಟು ನಿಂತ ಬೋಗುಣಿಗಳು. ಅವುಗಳ ನಂತರ ನಮ್ಮ ಕೋಣೆ. ನಾನು ಟೈ ಕಟ್ಟಿಕೊಂಡು, ಕೇಂದ್ರದವರೇ ಅಚ್ಚು ಹಾಕಿಸಿದ ಪುಸ್ತಕ ಹಿಡಿದು, ಆರನೆಯ ಪಾಠ ಓದುತ್ತಿದ್ದೇನೆ: ಅನ್ಯಲೋಕದ ದನಿ ಕೇಳಬೇಕಾದರೆ ಭೂಮಿಯ ಗದ್ದಲವಿಲ್ಲದ ಜಾಗ ಬೇಕು, ಅದಕ್ಕೆಂದೇ ವಿಜ್ಞಾನಿಗಳು ನಮ್ಮ ಕರೂ ಬಯಲನ್ನು ಆರಿಸಿಕೊಂಡರು, ಈ ಬಯಲಿನಲ್ಲಿ ಎಂದೂ ಯಾರೂ ವಾಸವಿರಲಿಲ್ಲ. ಅದಕ್ಕೆ ಪುಸ್ತಕ ಕಲಿಸುವ ಪದ ಅನ್‌ಇನ್‌ಹ್ಯಾಬಿಟೆಡ್. ಎಷ್ಟು ಉದ್ದದ ಪದ! ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಅದು ಕುಂಟುತ್ತದೆ, ಮುಗ್ಗರಿಸುತ್ತದೆ. ಚರ್ಚಿನ ಹಾಡಿನ ಪುಸ್ತಕ ಊರಿಗೆ ಒಂದೇ ಇದ್ದ ಕಾಲದಿಂದ ಇವರಿಗೆ ಒಂದು ರೂಢಿ. ಹಿರಿಯ ಒಂದು ಸಾಲು ಹೇಳಿದರೆ ಸಭೆ ಅದನ್ನು ರಾಗವಾಗಿ ಎತ್ತಿಕೊಳ್ಳುತ್ತದೆ, ಕೊನೆಗೆ ಆಮೆನ್ ಹೇಳುತ್ತದೆ. ಸಾಲು ಕೊಟ್ಟರೆ ಸಾಕು, ಅರ್ಥ ಕೇಳುವುದಿಲ್ಲ. ಪಾಠವನ್ನೂ ಹಾಗೇ ಹಾಡಿಬಿಟ್ಟರು. "ಇದು ಇಂಗ್ಲಿಷು, ಕೀರ್ತನೆಯಲ್ಲ" ಎಂದು ಎಷ್ಟು ಸಲ ಹೇಳಿದ್ದೆ.

ಎಲ್ಲಕ್ಕಿಂತ ಕೆಟ್ಟದ್ದು ಕತ್ರೀನಾ ಆಂಟಿಯ ಭಾಗ. ಬಾಯಲ್ಲಿ ಹಲ್ಲಿಲ್ಲವೆಂದು ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆ. ಚಿತ್ರ ತೆಗೆಯುತ್ತಾರೆಂದು ತಿಳಿದು ನಾದಿನಿಯ ಹಲ್ಲುಸೆಟ್ಟು ಎರವಲು ತಂದು ಹಾಕಿಕೊಂಡು ಮುಂದೆ ಬಂದು ಕೂತಳು. ಒಬ್ಬೊಬ್ಬರೇ ಹೇಳುವ ಸರದಿ ಬಂದಾಗ 'ಎಂದೂ ಯಾರೂ' ಎನ್ನುವಲ್ಲಿಗೆ ನಿಂತುಬಿಟ್ಟಳು. ಹಲ್ಲು ಸಡಿಲವಾಗಿದೆ ಎಂದುಕೊಂಡೆ. ಮತ್ತೆ ಹೇಳಿಸಿದೆ, ಮತ್ತೆ ನಿಂತಳು. ಪೂರ್ತಿ ಹೇಳುವವರೆಗೂ ಬಿಡಲಿಲ್ಲ. ಅಷ್ಟನ್ನೂ ಹಾಕಿದ್ದಾರೆ.

ನಲವತ್ತು ವರ್ಷ ಪಾಠ ಹೇಳಿದವನು ನಾನು. ಇದನ್ನು ತೆಗೆದುಹಾಕಿ, ನಾನು ಚೆನ್ನಾಗಿ ತಯಾರು ಮಾಡಿದ ಮೇಲೆ ಬೇರೆ ಚಿತ್ರ ತೆಗೆಯಬೇಕೆಂದು ಕೇಂದ್ರದ ಮಿಸ್ ಪ್ರಿಚರ್ಡ್‌ಗೆ ಹೇಳಬೇಕು. ಇವರ ಇಂಗ್ಲಿಷು ನನ್ನ ಇಂಗ್ಲಿಷೆಂದು ಜನ ತಿಳಿಯುವುದು ಬೇಡ.

ಏಪ್ರಿಲ್ 4, ಗುರುವಾರ

ತರಗತಿ. ಯಾರೂ ಬರಲಾರರೆಂದುಕೊಂಡಿದ್ದೆ. ಎಲ್ಲರೂ ಬಂದರು, ಮದುವೆಗೆ ಬಂದ ಹಾಗೆ.

"ಮೇಷ್ಟ್ರೇ, ನಾವೀಗ ಅಮೆರಿಕದಲ್ಲಿ ಫೇಮಸ್ಸಂತೆ!" ಎಂದು ಫ್ಲಿಪ್ ಟೀಟೀಸ್ ಬಾಗಿಲಲ್ಲೇ ಕೂಗಿದ. ಕುರಿ ಉಣ್ಣೆ ಕತ್ತರಿಸುವವನು. ಉಣ್ಣೆಯ ಸುಗ್ಗಿ ಇಲ್ಲದಾಗ ಕೇಂದ್ರದ ಬೇಲಿ ಕೆಲಸಕ್ಕೆ ಹೋಗುತ್ತಾನೆ. ಇಂಗ್ಲಿಷ್ ಬಂದರೆ ಕಾವಲುಗಾರನ ಕೆಲಸ ಕೊಡುತ್ತಾರೆಂಬ ಆಸೆ ಅವನಿಗೆ.

"ನಗೋದಕ್ಕೆ ಫೇಮಸ್ಸು" ಅಂದೆ.

"ನಗ್ಲಿ ಬಿಡಿ. ಹೋದ ವರ್ಷ ನಮ್ಮನ್ನ ನೋಡಿ ನಗೋರೂ ಇರ್ಲಿಲ್ಲ."

ಏಳನೆಯ ಪಾಠ ಓದಿಸಿದೆ. ಪದಗಳು: ಸಿಗ್ನಲ್, ನಾಯ್ಸ್. ದೂರದ ಲೋಕದಿಂದ ಬರುವುದು ಸಿಗ್ನಲ್ಲು, ಹತ್ತಿರದಲ್ಲಿ ನಾವು ಮಾಡುವುದು ನಾಯ್ಸು, ಗದ್ದಲ. ಬೋಗುಣಿಗಳಿಗೆ ತೊಂದರೆಯಾಗದಿರಲೆಂದು ನಮ್ಮೂರಿನ ಮೊಬೈಲುಗಳು ಅರ್ಧ ಸತ್ತಿರುವುದು ಎಲ್ಲರಿಗೂ ಗೊತ್ತು. ವಾಕ್ಯ ಮಾಡಿ ಅಂದೆ. ಫ್ಲಿಪ್ ಎದ್ದು ನಿಂತು ಹೇಳಿದ: "ನನ್ನ ಹೆಂಡ್ತಿ ನಾಯ್ಸು. ಪಕ್ಕದ ಮನೆಯವಳು ಸಿಗ್ನಲ್ಲು." ಕೋಣೆ ಬಿದ್ದು ಹೋಗುವಷ್ಟು ನಕ್ಕರು. ಅವನ ಹೆಂಡತಿ ಅಲ್ಲೇ ಇದ್ದಳು. ಪುಸ್ತಕ ಸುತ್ತಿ ತಲೆಗೆ ಕೊಟ್ಟಳು. ನಾನು ನಗಲಿಲ್ಲ. ಕಿಟಕಿಯಾಚೆ ಯಾರಾದರೂ ಕ್ಯಾಮೆರಾ ಹಿಡಿದಿದ್ದಾರೋ ಎಂದು ನೋಡುತ್ತಿದ್ದೆ.

ಕತ್ರೀನಾ ಆಂಟಿ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಹೋಗಿ ಅವಳನ್ನೇ ಕೇಳಿ ಅಂದರು.

ಏಪ್ರಿಲ್ 6, ಶನಿವಾರ

ಕತ್ರೀನಾ ಆಂಟಿಯ ಮನೆಗೆ ಹೋದೆ. ಬಿಸಿಲಿಗೆ ಗೋಡೆಗೊರಗಿ, ಕುರಿಯ ಕಾಲುಗಳನ್ನು ಕೆಂಡದ ಮೇಲೆ ಸುಟ್ಟು ಕೂದಲು ಹೆರೆಯುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

"ಬನ್ನಿ ಮೇಷ್ಟ್ರೇ. ಆ ಡಬ್ಬದ ಮೇಲೆ ಕೂತ್ಕೊಳ್ಳಿ. ಪ್ಯಾಂಟು ಕೊಳೆಯಾದ್ರೆ ನನ್ನ ಬೈಬೇಡಿ."

ತರಗತಿಗೆ ಯಾಕೆ ಬರಲಿಲ್ಲ ಅಂದೆ. ಹಲ್ಲಿನ ವಿಷಯಕ್ಕೆ ನಾಚಿಕೆ ಬೇಡ, ಎರವಲು ಹಲ್ಲಿನಲ್ಲಿ ಯಾರಿಗಾದರೂ ಹಾಗೇ ಆಗುತ್ತದೆ ಎಂದು ಸಮಾಧಾನವನ್ನೂ ಹೇಳಿದೆ.

ಅವಳು ಚಾಕು ಕೆಳಗಿಟ್ಟಳು. "ಹಲ್ಲಾ? ನಾನು ಅವತ್ತು ಯಾಕೆ ನಿಂತೆ ಅಂದ್ಕೊಂಡ್ರಿ ನೀವು?"

ಹಲ್ಲು ಸಡಿಲವಾಗಿತ್ತೆಂದುಕೊಂಡೆ ಎಂದೆ.

"ಅಲ್ಲಿ ಯಾರೂ ಇರ್ಲಿಲ್ಲ ಅಂತ ಹೇಳು ಹೇಳು ಅಂತ ಗಂಟು ಬಿದ್ರಲ್ಲ. ರೂಯ್‌ಕ್ಲಿಪ್‌ನಲ್ಲಿ ನಮ್ಮವ್ವ ಇದ್ದಾಳೆ ಮೇಷ್ಟ್ರೇ."

ಅವಳ ತಂದೆ ತಾಯಿ ಕತ್ತೆಗಾಡಿಯವರು. ಕುರಿ ಸಾಕುವ ತೋಟದಿಂದ ತೋಟಕ್ಕೆ ಗಾಡಿಯಲ್ಲಿ ಹೋಗಿ ಉಣ್ಣೆ ಕತ್ತರಿಸಿ, ರಸ್ತೆಬದಿಯಲ್ಲಿ ಗುಡಾರ ಹಾಕಿ, ಅಲ್ಲೇ ಹೆತ್ತು ಅಲ್ಲೇ ಸಾಯುವವರು. ಕತ್ರೀನಾ ಚಿಕ್ಕವಳಿದ್ದಾಗ ಒಂದು ಸುಗ್ಗಿಯಲ್ಲಿ ತಾಯಿ ಡೀನಾ ರೂಯ್‌ಕ್ಲಿಪ್‌ನಲ್ಲಿ ಜ್ವರ ಬಂದು ತೀರಿಕೊಂಡಳು. ತೋಟದ ಯಜಮಾನ ಒಣ ಹಳ್ಳದ ದಂಡೆಯಲ್ಲಿ ಹೂಳಲು ಒಪ್ಪಿದ. ಹೆಸರು ಕೆತ್ತಿದ ಕಲ್ಲು ಎಲ್ಲಿಂದ ತರುತ್ತಾರೆ? ಬಯಲಿನ ಕಲ್ಲುಗಳನ್ನು ಪೇರಿಸಿ, ಅವಳ ನೀಲಿ ಹೂವಿನ ಬಟ್ಟಲನ್ನು ಯಾರೂ ಕದಿಯದಿರಲೆಂದು ತಳ ಒಡೆದು, ಮೇಲೆ ಬೋರಲು ಹಾಕಿದರು. ಗಾಡಿಯವರ ಗೋರಿಗಳೆಲ್ಲ ಹೀಗೇ. ಪ್ರತಿ ಸುಗ್ಗಿಗೆ ಅಲ್ಲಿ ಗಾಡಿ ನಿಲ್ಲಿಸಿ ಒಂದೊಂದು ಕಲ್ಲು ಇಟ್ಟು ಬರುತ್ತಿದ್ದರು. ತೋಟವನ್ನು ಕೇಂದ್ರದವರು ಕೊಂಡ ಮೇಲೆ ಗೇಟಿಗೆ ಬೀಗ.

"ನಾನು ಇಂಗ್ಲಿಷು ಕಲಿಯೋಕೆ ಬಂದಿದ್ದು ಕೆಲ್ಸಕ್ಕಲ್ಲ. ಈ ವಯಸ್ಸಲ್ಲಿ ನಂಗೆ ಯಾರು ಕೆಲ್ಸ ಕೊಡ್ತಾರೆ? ಗೇಟು ತೆಗೀರಿ ಅಂತ ನಾನೇ ಕೇಳ್ಬೇಕು ಅಂತ. ಹಲ್ಲುಸೆಟ್ಟೂ ಅದಕ್ಕೇ ಹಾಕ್ಕೊಂಡಿದ್ದು. ಚಿತ್ರ ತೆಗೆದಾದ್ಮೇಲೆ ಕೇಂದ್ರದ ಆ ಹುಡುಗೀನ ಕೇಳಿದ್ನಲ್ಲ, ನೀವು ಬಿಸ್ಕತ್ತು ತಿಂತಿದ್ರಿ. ಅವಳಿಗೆ ಅರ್ಥ ಆಗ್ಲಿಲ್ಲ. ನಕ್ಕು ಕೈ ಕುಲುಕಿದ್ಲು."

ನನಗೆ ಬಹಳ ನಾಚಿಕೆಯಾಯಿತು. ಆಕೆಗೆ ಅರ್ಥವಾಗುವ ಹಾಗೆ ಒಂದು ವಾಕ್ಯ ಕೇಳಲು ಕೂಡ ನನ್ನ ವಿದ್ಯಾರ್ಥಿನಿಗೆ ನಾನು ಕಲಿಸಿಲ್ಲವಲ್ಲ. ನಾನು ಕಲಿಸುತ್ತೇನೆ, ಸರಿಯಾದ ಇಂಗ್ಲಿಷಿನಲ್ಲಿ ಕೇಳಿದರೆ ಇಲ್ಲವೆನ್ನಲಾರರು, ನಾನೇ ಜೊತೆಗೆ ಬರುತ್ತೇನೆ ಎಂದೆ.

"ಸರಿಯಾಗಿ ಕೇಳಿದ್ರೆ ಕೊಡ್ತಾರಾ?"

"ಕೊಡ್ತಾರೆ."

"ನಿಮ್ಮ ಮಾತು ನಿಜ ಆಗ್ಲಿ. ಹೋಗೋವಾಗ ಎರಡು ಕಾಲು ತಗೊಂಡ್ಹೋಗಿ, ನಿಮ್ಮ ಮನೆಯಾಕೆ ಡೋರಾ ಸಾರು ಮಾಡ್ಲಿ. ಮೇಷ್ಟ್ರ ಮುಖ ಸೊರಗಿದೆ."

ಏಪ್ರಿಲ್ 11, ಗುರುವಾರ

ತರಗತಿ ಮುಗಿದ ಮೇಲೆ ಕತ್ರೀನಾ ಆಂಟಿಗೆ ಬೇರೆಯಾಗಿ ಹೇಳಿಕೊಟ್ಟೆ. ದಯವಿಟ್ಟು, ನಿಮ್ಮ ಅಪ್ಪಣೆಯಿದ್ದರೆ, ನನ್ನ ತಾಯಿಯ ಸಮಾಧಿಯನ್ನು ನೋಡಲು ನನಗೆ ಅವಕಾಶ ಕೊಡುವಿರಾ? ಇಷ್ಟನ್ನು ಇಂಗ್ಲಿಷಿನಲ್ಲಿ.

"ಇಷ್ಟೊಂದು ದಯವಿಟ್ಟು ಯಾಕೆ ಮೇಷ್ಟ್ರೇ? ಅವಳು ನನ್ನವ್ವ."

ಇಂಗ್ಲಿಷಿನಲ್ಲಿ ಹಾಗೇ ಹೇಳುವುದು ಎಂದೆ.

"ದೇವರನ್ನ ಕೇಳೋವಾಗ್ಲೂ ನಾನು ಇಷ್ಟು ಬಗ್ಗಲ್ಲ."

ಆದರೂ ಕಲಿತಳು. ಉಚ್ಚಾರ ಚೆನ್ನಾಗಿ ಕೂತಿದೆ. ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಅದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ಏಪ್ರಿಲ್ 16, ಮಂಗಳವಾರ

ಕೇಂದ್ರದ ಕಚೇರಿಗೆ ಹೋಗಿ ಬಂದೆವು.

ಮಿಸ್ ಪ್ರಿಚರ್ಡ್ ಒಳ್ಳೆಯ ಹುಡುಗಿ. ಎದ್ದು ಬಂದು ಕತ್ರೀನಾ ಆಂಟಿಯ ಕೈ ಹಿಡಿದು ಕೂರಿಸಿದಳು, ರೂಯ್‌ಬಾಸ್ ಚಹಾ ತರಿಸಿದಳು. ಆಂಟಿ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದಳು. ಕಪ್ಪನ್ನು ಮುಟ್ಟದೆ, ಬೆನ್ನು ನೆಟ್ಟಗೆ ಮಾಡಿ, ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಒಂದು ತಪ್ಪಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಲಿಸಿದ ಯಾವ ವಾಕ್ಯವನ್ನೂ ಯಾರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಿಸ್ ಪ್ರಿಚರ್ಡ್ ಚಪ್ಪಾಳೆ ತಟ್ಟಿದಳು. ನಂತರ ಅವಳ ಮುಖ ಸಪ್ಪಗಾಯಿತು. ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ ನನ್ನತ್ತ ತಿರುಗಿ ಹೇಳಿದಳು: ಮಿಸ್ಟರ್ ಮಾಲ್ಗಾಸ್, ಭೂಮಿ ಕೊಳ್ಳುವ ಮೊದಲು ಸಮೀಕ್ಷೆ ಮಾಡಿಸಿದ್ದೇವೆ. ಯಜಮಾನರ ಮನೆ, ಅವರ ಕುಟುಂಬದ ಬೇಲಿ ಹಾಕಿದ ಸ್ಮಶಾನ, ಅಷ್ಟೇ. ಉಳಿದ ಬಯಲಿನಲ್ಲಿ ಮನೆಗಳಿರಲಿಲ್ಲ, ಆದ್ದರಿಂದ ವಾಸವಿರಲಿಲ್ಲ, ಆದ್ದರಿಂದ ಸಮಾಧಿಗಳೂ ಇಲ್ಲ. ಇಲ್ಲದ ಸಮಾಧಿಗೆ ಪಾಸು ಕೊಡಲು ನನಗೆ ದಾರಿಯಿಲ್ಲ.

ನಮ್ಮ ಪುಸ್ತಕದ ಆರನೆಯ ಪಾಠ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಆ ಸಮೀಕ್ಷೆಯ ಮಾತನ್ನೇ ಸರಳ ಇಂಗ್ಲಿಷಿಗೆ ಇಳಿಸಿದ್ದಾರೆ.

ಆಮೇಲೆ ಅವಳು ವಾತಾವರಣ ತಿಳಿಯಾಗಲೆಂದು, ನಗುತ್ತ, ಆಂಟಿಯ ತೋಳು ತಟ್ಟಿ, "ವಿಡಿಯೊದಲ್ಲಿ ಅದನ್ನು ನೀವೇ ಎಷ್ಟು ಚೆನ್ನಾಗಿ ಹೇಳಿದ್ದೀರಿ ಅಲ್ವಾ!" ಎಂದಳು. ಕೆಟ್ಟ ಮನಸ್ಸಿನಿಂದಲ್ಲ.

ಕತ್ರೀನಾ ಆಂಟಿ ನನ್ನನ್ನು ನೋಡಿದಳು. "ಏನಂತೆ?"

ನಾನು ಹೇಳಿದೆ: "ವಿಚಾರಿಸ್ತಾರಂತೆ."

ಅದನ್ನು ಯಾಕೆ ಹೇಳಿದೆನೋ. ಹೊರಡುವಾಗ ಮಿಸ್ ಪ್ರಿಚರ್ಡ್‌ಗೆ ಥ್ಯಾಂಕ್ಯೂ ಎಂದೆ. ಎರಡು ಸಲ ಎಂದೆ. ವಿಡಿಯೊ ತೆಗೆಸುವ ಮಾತನ್ನು ಎತ್ತಬೇಕೆಂದು ಹೋಗಿದ್ದವನು ಅದನ್ನು ಮರೆತೇಬಿಟ್ಟಿದ್ದೆ.

ದಾರಿಯಲ್ಲಿ ಆಂಟಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಡೆದಳು. ತಿರುವಿನಲ್ಲಿ ಹೇಳಿದಳು: "ನಂಗೆ ಇಂಗ್ಲಿಷು ಸ್ವಲ್ಪ ಬರುತ್ತೆ ಮೇಷ್ಟ್ರೇ. ನೀವೇ ಕಲಿಸಿದ್ದು."

ಏಪ್ರಿಲ್ 19, ಶುಭ ಶುಕ್ರವಾರ

ಮಸಾಲೆ ಮೀನು, ಸಿಹಿ ಬನ್ನು. ತಟ್ಟೆಯಲ್ಲೇ ಬಿಟ್ಟೆ. ಡೋರಾ ಬಿಡುವ ಹೆಂಗಸಲ್ಲ.

"ಮೂರು ದಿನದಿಂದ ಮನೇಲಿ ದೆವ್ವದ ಥರ ಓಡಾಡ್ತಿದೀಯ ಯೋಸೆಫ್. ಏನಾಯ್ತು ಹೇಳು."

ಹೇಳಿದೆ. ಸುಳ್ಳು ಅನುವಾದವನ್ನೂ ಹೇಳಿದೆ.

ಅವಳು ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು: "ವಿಡಿಯೊ ನೋಡಿ ನೀನು ನಾಚ್ಕೊಂಡಿದ್ದು ಯಾವುದಕ್ಕೆ?"

"ಉಚ್ಚಾರಕ್ಕೆ. ಆ ಆಮೆನ್‌ಗೆ."

"ಹೇಳಿದ್ದಕ್ಕಲ್ಲ?"

"ಅದು ಪಾಠದ ವಾಕ್ಯ ಕಣೆ."

"ಹೂಂ. ನಿನ್ನಮ್ಮ ಇದ್ದಿದ್ರೆ ಪಾಠದ ವಾಕ್ಯಕ್ಕೆ ನಿನ್ನ ಕಿವಿ ಹಿಂಡೋರು. ಮೇಲಿನ ಬೀದಿಯ ಮನೆ ಖಾಲಿ ಮಾಡಿಸಿದಾಗ ಅವರು ಬಾಗಿಲಲ್ಲಿ ಕೂತಿದ್ದು ನೆನಪಿದೆಯಾ?"

ನೆನಪಿಲ್ಲದೆ ಏನು. 1967. ಆ ಬೀದಿ ಬಿಳಿಯರಿಗೆಂದು ಸರ್ಕಾರ ಗೊತ್ತು ಮಾಡಿತು. ನಮ್ಮನ್ನು ಹಳ್ಳದಾಚೆಗೆ ಹಾಕುವ ದಿನ ಪುರಸಭೆಯ ಗುಮಾಸ್ತ ಬಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಖಾಲಿ' ಎಂದು ಬರೆದ. ಒಳಗೆ ಅಮ್ಮ ಒಲೆಯ ಮೇಲೆ ಗಂಜಿ ಇಟ್ಟಿದ್ದಳು. ಅದೇ ವರ್ಷ ಶಾಲೆಯ ಇತಿಹಾಸದ ಪಾಠದಲ್ಲಿ ಬಿಳಿಯರ ಗಾಡಿಗಳು ಬಂದಾಗ ಈ ನಾಡು ಖಾಲಿಯಿತ್ತು ಎಂದು ಓದಿದೆವು. ಮೇಷ್ಟ್ರು ಒಂದೊಂದು ಸಾಲು ಕೊಟ್ಟರು, ನಾವು ಎತ್ತಿಕೊಂಡೆವು. ನನ್ನ ಉಚ್ಚಾರ ಎಲ್ಲರಿಗಿಂತ ಚೆನ್ನಾಗಿದೆಯೆಂದು ಬೆನ್ನು ತಟ್ಟಿದರು.

ಡೋರಾ ಎದ್ದು ತಟ್ಟೆ ತೆಗೆದಳು. "ಕತ್ರೀನಾಗೆ ನಿಜ ಹೇಳ್ಬೇಕು ನೀನು."

"ಅವಳಿಗೆ ಗೊತ್ತಿದೆ."

"ಗೊತ್ತಿರೋದು ಬೇರೆ, ನೀನು ಹೇಳೋದು ಬೇರೆ."

ಏಪ್ರಿಲ್ 21, ಈಸ್ಟರ್

ಚರ್ಚಿನ ಬಾಗಿಲಲ್ಲಿ ಕತ್ರೀನಾ ಆಂಟಿಗೆ ಹೇಳಿದೆ. ಇಲ್ಲವೆಂದಿದ್ದಾರೆ, ವಿಚಾರಿಸುವುದೂ ಇಲ್ಲ, ನಾನು ಸುಳ್ಳು ಹೇಳಿದೆ ಎಂದೆ.

"ಗೊತ್ತು" ಅಂದಳು. ಟೋಪಿ ಸರಿಮಾಡಿಕೊಂಡು, "ಗುರುವಾರ ಬರ್ತೀನಿ. ಹಿಂದೆ ಕೂರಲ್ಲ, ಮುಂದೆ ಕೂರ್ತೀನಿ" ಅಂದಳು.

ಏಪ್ರಿಲ್ 25, ಗುರುವಾರ

ಇವತ್ತಿನದು ಒಂಬತ್ತನೆಯ ಪಾಠ. ಬೇರೊಂದು ಲೋಕದಲ್ಲಿ ಜೀವ ಕಂಡರೂ ಅದು ಜೀವವೆಂದು ನಮಗೆ ಗೊತ್ತಾಗುತ್ತದೆಯೇ? ಅದು ನಮ್ಮ ಹಾಗೆ ಮನೆ ಕಟ್ಟದಿದ್ದರೆ, ನಮ್ಮ ಹಾಗೆ ಮಾತಾಡದಿದ್ದರೆ ಗುರುತಿಸುವುದು ಹೇಗೆ? ಎರಡು ಪ್ಯಾರಾ ಓದಿದೆ. ಮುಂದೆ ಓದಲಾಗಲಿಲ್ಲ. ಪುಸ್ತಕ ಮುಚ್ಚಿ, ಆರನೆಯ ಪಾಠದಲ್ಲಿ ನಿಮ್ಮಿಂದ ಹೇಳಿಸಿದ ವಾಕ್ಯ ಸುಳ್ಳು, ಅದನ್ನು ನಾನು ಹೇಳಿಸಬಾರದಿತ್ತು ಎಂದು ನಮ್ಮ ಭಾಷೆಯಲ್ಲೇ ಹೇಳಿದೆ. ರೂಯ್‌ಕ್ಲಿಪ್‌ನಲ್ಲಿ ಯಾರ ಮನೆಯವರು ಇದ್ದರು, ಹೇಳಿ.

ಮೊದಲು ಮೇಷ್ಟ್ರು ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದರು. ಸಾಲು ಕೊಡಲಿ ಎಂದು ಕಾಯುತ್ತಿದ್ದರು. ನಾನು ಕೊಡಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ, "ನಮ್ಮ ತಾತ ಅಲ್ಲೇ ಗಾಳಿಯಂತ್ರ ರಿಪೇರಿ ಮಾಡ್ತಿದ್ದ" ಅಂದರು. ಅದರ ಹಿಂದೆಯೇ ಎಲ್ಲರೂ. ನನ್ನಣ್ಣ ಅಲ್ಲೇ ಗಾಡಿ ಕೆಳಗೆ ಹುಟ್ಟಿದ್ದು. ನಮ್ಮತ್ತೆ ಅಡುಗೆಮನೇಲಿದ್ಲು. ಹಳ್ಳದ ಹತ್ರ ಏಳು ಗಾಡಿ ನಿಲ್ತಿದ್ವು. ಏಳಲ್ಲ, ಒಂಬತ್ತು, ನಿಂಗೇನು ಗೊತ್ತು, ನೀನಿನ್ನೂ ಹುಟ್ಟಿರ್ಲಿಲ್ಲ. ಗದ್ದಲವೋ ಗದ್ದಲ. ಕೇಂದ್ರದ ಬೋಗುಣಿಗಳಿಗೂ ಕೇಳಿಸಿರಬೇಕು.

ಫ್ಲಿಪ್ ಮಾತ್ರ ಸುಮ್ಮನೆ ಕೂತಿದ್ದ. ಸದಾ ಮಾತಾಡುವವನು. ಕೊನೆಗೆ ಕತ್ರೀನಾ ಆಂಟಿಯತ್ತ ನೋಡದೆ ಕೇಳಿದ: "ಆಂಟಿ, ನಿಮ್ಮವ್ವನ ಗೋರಿ ಮೇಲಿನ ಬಟ್ಟಲು ಯಾವ ಬಣ್ಣ?"

"ನೀಲಿ ಹೂವು. ಯಾಕೋ?"

"ಬೇಲಿ ಕೆಲ್ಸಕ್ಕೆ ಹೋದಾಗ ಕಂಡಿದ್ದೆ. ಒಣ ಹಳ್ಳದ ದಂಡೇಲಿ ಮೂರು ಕಲ್ಲುಗುಡ್ಡೆ. ಒಂದರ ಮೇಲೆ ನೀಲಿ ಚೂರುಗಳು. ಗೋರಿ ಅಂತ ಮೇಸ್ತ್ರಿಗೆ ಹೇಳ್ದೆ. ಅವನು ನಕ್ಷೆಯ ಹಾಳೆ ನೋಡಿ, ಇಲ್ಲಿ ಹಳೇ ಕಸದ ರಾಶಿ ಅಂತಿದೆ, ನೀನು ಬೇಲಿ ನೋಡ್ಕೋ ಅಂದ."

"ನಂಗೆ ಯಾಕೆ ಹೇಳ್ಲಿಲ್ಲ?"

"ಕೆಲ್ಸ ಹೋಗುತ್ತೆ ಅಂತ. ಆಂಟಿ..." ಅವನ ಧ್ವನಿ ಇಳಿಯಿತು. "ಹೋದ ವಾರ ಅದಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ. ಹೊಸ ರಸ್ತೆ ಆ ಕಡೇನೇ ಹೋಗುತ್ತೆ. ಕೆಂಪು ಅಂದ್ರೆ ತೆಗೆಯೋದು. ಜೂನಲ್ಲಿ ಯಂತ್ರ ಬರುತ್ತೆ."

ಕತ್ರೀನಾ ಆಂಟಿ ಎದ್ದಳು. ಹೊಡೆಯುತ್ತಾಳೆಂದುಕೊಂಡೆ. ಫ್ಲಿಪ್ ಕೂಡ ಹಾಗೇ ಅಂದುಕೊಂಡಿರಬೇಕು, ತಲೆ ತಗ್ಗಿಸಿದ. ಅವಳು ಅವನ ಪಕ್ಕದಲ್ಲಿ ಕೂತಳು, ಅಷ್ಟೇ. ಬಹಳ ಹೊತ್ತು ಯಾರೂ ಮನೆಗೆ ಹೋಗಲಿಲ್ಲ.

ಏಪ್ರಿಲ್ 29, ಸೋಮವಾರ

ಕೇಂದ್ರಕ್ಕೆ ಹೋಗಿ ಗೋರಿಯ ವಿಷಯ ಹೇಳಿದೆ. ಮಿಸ್ ಪ್ರಿಚರ್ಡ್ ಗಾಬರಿಯಾದಳು. ನಿಜವಾಗಿ ಗಾಬರಿಯಾದಳು. ಮೇಲಿನವರಿಗೆ ಫೋನು ಮಾಡಿದಳು. ವಾಪಸು ಬಂದಾಗ ಅವಳ ಮಾತಿನ ಬಣ್ಣವೇ ಬೇರೆ. ರಸ್ತೆಯ ನಕ್ಷೆಗೆ ಒಪ್ಪಿಗೆ ಆಗಿಹೋಗಿದೆ, ಸಮೀಕ್ಷೆ ಬದಲಿಸಲು ಹೊಸ ದಾಖಲೆ ಬೇಕು, ಸಾವಿನ ಪತ್ರವೋ ಚರ್ಚಿನ ದಾಖಲೆಯೋ. ಗಾಡಿಯವರ ಸಾವನ್ನು ಯಾವ ಚರ್ಚು ಬರೆದುಕೊಂಡಿತ್ತು?

"ಆ ಸಮೀಕ್ಷೆ ಬರೆದವರು ಯಾರು?" ಎಂದೆ.

"ಯಾರೋ ಹೊರಗಿನ ಸಂಸ್ಥೆ. ನಾನು ಆಗ ಇರಲಿಲ್ಲ."

"ಊರಲ್ಲಿ ಯಾರನ್ನ ಕೇಳಿದರು?"

"ತೋಟದ ಯಜಮಾನರನ್ನು ಕೇಳಿರಬೇಕು." ನಂತರ ಕ್ಯಾಲೆಂಡರ್ ನೋಡಿ, ಮೇ ಹದಿನಾರಕ್ಕೆ ಕೇಂದ್ರದ ನಿರ್ದೇಶಕರು ಬರುತ್ತಾರೆ, ಊರ ಸಭಾಂಗಣದಲ್ಲಿ ಕಾರ್ಯಕ್ರಮ, ನಿಮ್ಮ ತರಗತಿಯವರು ಸ್ವಾಗತದ ಮಾತು ಹೇಳಬೇಕೆಂದು ಅವರ ಆಸೆ, ಮುಂದಿನ ವರ್ಷ ತರಗತಿ ಮುಂದುವರಿಸುವುದೂ ಅವತ್ತೇ ತೀರ್ಮಾನವಾಗುತ್ತದೆ ಎಂದಳು. ಬೆದರಿಕೆಯಲ್ಲ. ಅವಳಿಗೆ ಬೆದರಿಸಲು ಬರುವುದಿಲ್ಲ. ಹಾಗಿದೆ ಎಂದು ತಿಳಿಸಿದಳು.

ಆಗಲಿ ಎಂದು ಬಂದೆ. ಫ್ಲಿಪ್‌ಗೆ ಕಾವಲಿನ ಕೆಲಸ, ಇನ್ನಿಬ್ಬರಿಗೆ ಅಡುಗೆಮನೆಯ ಕೆಲಸ, ಎಲ್ಲವೂ ಈ ತರಗತಿಯ ಮೇಲೆ ನಿಂತಿವೆ. ಆಗಲಿ ಎನ್ನದೆ ಏನನ್ನಲಿ? ಮನೆಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಿಲ್ಲ.

ಮೇ 2, ಗುರುವಾರ

ಸ್ವಾಗತದ ಮಾತು ಯಾರು ಹೇಳುತ್ತೀರಿ ಅಂದೆ. ಕತ್ರೀನಾ ಆಂಟಿ ಕೈಯೆತ್ತಿದಳು.

"ಏನ್ ಹೇಳ್ತೀರಿ ಆಂಟಿ?"

"ಸ್ವಾಗತ ಅಂತೀನಿ. ಬಂದೋರಿಗೆ ಬನ್ನಿ ಅನ್ನೋದು ಮನೆಯವರೇ ತಾನೇ?"

ಫ್ಲಿಪ್‌ನನ್ನು ನೋಡಿದೆ. ಕೆಲಸದ ಮಾತು ನಾನು ಎತ್ತುವ ಮೊದಲೇ ಅವನು ಹೇಳಿದ: "ಹೇಳ್ಲಿ ಮೇಷ್ಟ್ರೇ. ಸುಗ್ಗಿ ಇದ್ದೇ ಇದೆ. ಕುರಿಗಳು ಇಂಗ್ಲಿಷು ಕೇಳಲ್ಲ."

ಉಳಿದವರೂ ತಲೆಯಾಡಿಸಿದರು. ಅಡುಗೆಮನೆಯ ಕೆಲಸಕ್ಕೆ ಕಾಯುತ್ತಿರುವ ಇಬ್ಬರು ತಡವಾಗಿ ಆಡಿಸಿದರು, ಆದರೆ ಆಡಿಸಿದರು. ಪಾಠ ನಡೆಯಲಿಲ್ಲ. ಸುಮ್ಮನೆ ಮಾತಾಡಿದೆವು.

ಮೇ 16, ಗುರುವಾರ

ಅಕ್ಷರ ಸೊಟ್ಟಗಾದರೂ ಇವತ್ತೇ ಬರೆಯಬೇಕು.

ಸಭಾಂಗಣ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಕೇಂದ್ರದವರು, ಪುರಸಭೆಯವರು. ಹಿಂದೆ ಬೆಂಚುಗಳ ಮೇಲೆ ನಾವು. ನಿರ್ದೇಶಕರು ಒಳ್ಳೆಯ ಮಾತುಗಾರರು. ಕೋಟಿ ಕೋಟಿ ನಕ್ಷತ್ರಗಳು, ಅವುಗಳ ಸುತ್ತ ಲೋಕಗಳು. ಎಲ್ಲೋ ಒಂದು ಕಡೆ ಯಾರೋ ಇದ್ದಾರೆ, ಅವರ ಅತಿ ಸಣ್ಣ ದನಿಯನ್ನೂ ಕಳೆದುಕೊಳ್ಳಬಾರದು, ಅದಕ್ಕೇ ಇಷ್ಟು ತಾಳ್ಮೆಯಿಂದ ಕಿವಿಗೊಡುತ್ತಿದ್ದೇವೆ ಎಂದರು. ನನಗೂ ಮೈ ಜುಮ್ಮೆಂದಿತು. ಒಂದು ವೇಳೆ ಯಾರಾದರೂ ಸಿಕ್ಕರೆ ಚೆನ್ನಾಗಿರುತ್ತದೆ ಎಂದು ಈಗಲೂ ನನ್ನ ಆಸೆ.

ನಂತರ ಕತ್ರೀನಾ ಆಂಟಿಯನ್ನು ಕರೆದರು. ಕ್ಯಾಮೆರಾದವರು ಹತ್ತಿರ ಬಂದರು. ಇಂಗ್ಲಿಷಿನಲ್ಲಿ ಸ್ವಾಗತ ಎಂದಳು. ಚಪ್ಪಾಳೆ. ಅವಳು ಕೆಳಗಿಳಿಯಲಿಲ್ಲ. ನಮ್ಮ ಭಾಷೆಗೆ ತಿರುಗಿದಳು.

"ನಾನು ಕತ್ರೀನಾ ಸ್ಲಿಂಗರ್. ಉಣ್ಣೆ ಕತ್ತರಿಸೋ ಹೆನ್ರಿಕ್‌ನ ಮಗಳು. ನಮ್ಮವ್ವನ ಹೆಸರು ಡೀನಾ. ರೂಯ್‌ಕ್ಲಿಪ್‌ನಲ್ಲಿ ಒಣ ಹಳ್ಳದ ದಂಡೇಲಿ ಇದ್ದಾಳೆ. ನಮಗೆ ಗೋಡೆ ಇರ್ಲಿಲ್ಲ, ಗಾಡಿ ಇತ್ತು. ಗೋಡೆ ಇಲ್ದೋರು ಇರ್ಲೇ ಇಲ್ಲ ಅಂತ ನಿಮ್ಮ ಪುಸ್ತಕ ಹೇಳುತ್ತೆ. ನನ್ನ ಬಾಯಲ್ಲೂ ಹೇಳಿಸ್ತು. ನೀವು ಅಲ್ಲಿ ರಸ್ತೆ ಮಾಡ್ತೀರಂತೆ. ಮೇಷ್ಟ್ರೇ, ಇದನ್ನ ಹೇಳಿ ಅವರಿಗೆ. ಈ ಸಲ ಸರಿಯಾಗಿ ಹೇಳಿ."

ಊರೆಲ್ಲ ನನ್ನತ್ತ ತಿರುಗಿತು. ನಿಂತೆ. ಹೇಳಿದೆ. ಅವಳ ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಎಲ್ಲಿಯೂ ದಯವಿಟ್ಟು ಸೇರಿಸಲಿಲ್ಲ. ನನ್ನ ಉಚ್ಚಾರ ಹೇಗಿತ್ತೋ ನೆನಪಿಲ್ಲ.

ನಿರ್ದೇಶಕರ ಮುಖ ಕೆಂಪಾಯಿತು. ಕ್ಯಾಮೆರಾ ನಿಲ್ಲಿಸುವಂತೆ ಕೈಸನ್ನೆ ಮಾಡಿದರು. ಕೆಳಗಿಳಿದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ, ಇದು ಬಹಳ ಸೂಕ್ಷ್ಮ ವಿಷಯ, ನಾಳೆ ನೀವಿಬ್ಬರೂ ಕಚೇರಿಗೆ ಬನ್ನಿ, ಸಮಾಧಾನವಾಗಿ ಕೂತು ಮಾತಾಡೋಣ ಎಂದರು. ವಿದ್ಯಾವಂತರಾದ ನಿಮಗೆ ಅರ್ಥವಾಗುತ್ತದೆ ಎಂದೂ ಸೇರಿಸಿದರು.

ಅರ್ಥವಾಯಿತು. ಆ ಕಚೇರಿಯಲ್ಲಿ ಕೂತವನು ನಾನು. 'ವಿಚಾರಿಸ್ತಾರಂತೆ' ಎಂಬ ಸುಳ್ಳು ನನ್ನ ಬಾಯಿಂದ ಹೊರಟದ್ದು ಅಲ್ಲಿಯೇ. ನನಗೆ ಅಷ್ಟು ಅವಮಾನ ಎಂದೂ ಆಗಿರಲಿಲ್ಲ, ಅವರ ಕೈ ಭುಜದ ಮೇಲಿದ್ದ ಆ ಅರೆನಿಮಿಷದಲ್ಲಿ ಆದಷ್ಟು. ಕೈಯನ್ನು ತೆಗೆದು, ಬೇಡ ಎಂದೆ. ಸಭೆಗೆ ಕೇಳುವಂತೆ, ಮೊದಲು ಅವರ ಭಾಷೆಯಲ್ಲಿ, ಆಮೇಲೆ ನಮ್ಮದರಲ್ಲಿ ಹೇಳಿದೆ. ಹೇಳಿದ್ದನ್ನು ಇಲ್ಲಿ ಇಡುತ್ತಿದ್ದೇನೆ, ಹೀಗೆಂದಿರಲಿಲ್ಲ ಎಂದು ಯಾರೂ ಆಮೇಲೆ ಹೇಳಬಾರದು:

ರೂಯ್‌ಕ್ಲಿಪ್‌ನಲ್ಲಿ ಎಂದೂ ಯಾರೂ ವಾಸವಿರಲಿಲ್ಲ ಎಂದು ಬರೆದವರು ಯಾರು? ಬರೆಯುವ ಮೊದಲು ಈ ಊರಿನಲ್ಲಿ ಯಾರ ಬಾಗಿಲು ತಟ್ಟಿದಿರಿ? ಗೋರಿಯೆಂದು ಕೆಲಸಗಾರ ಹೇಳಿದ ಮೇಲೂ ಅದನ್ನು ಕಸವೆಂದು ಉಳಿಸಿಕೊಂಡವರು ಯಾರು? ಡೀನಾ ಸ್ಲಿಂಗರ್ ಮಲಗಿರುವ ಕಲ್ಲುಗಳಿಗೆ ಬಣ್ಣ ಬಳಿಸಿದವರು ಯಾರು? ನಮಗೆ ಕಚೇರಿ ಬೇಡ, ಚಹಾ ಬೇಡ. ಜೂನ್ ತಿಂಗಳಲ್ಲಿ ನಿಮ್ಮ ಯಂತ್ರ ಗೇಟು ದಾಟುವ ಮೊದಲು ಇದೇ ಸಭಾಂಗಣಕ್ಕೆ ಬನ್ನಿ. ಬಾಗಿಲು ತೆರೆದಿರಲಿ, ಕ್ಯಾಮೆರಾ ನಡೆಯುತ್ತಿರಲಿ. ಯಾರು ಮಾಡಿದರೋ ಅವರೇ ಎದ್ದು ನಿಂತು, ತಮ್ಮ ಹೆಸರು ಹೇಳಿ, ಕತ್ರೀನಾ ಸ್ಲಿಂಗರ್‌ಗೆ ಅರ್ಥವಾಗುವ ಭಾಷೆಯಲ್ಲಿ, ನಮ್ಮೆಲ್ಲರ ಎದುರು ಉತ್ತರ ಕೊಡಬೇಕು.